ದವಾಖಾನೆಯ ಬೋರ್ಡು ಓದುವ ಬಗೆ: ಡಾಕ್ಟರ ಹೆಸರಿನ ಮುಂದಿನ ಅಕ್ಷರ, ನಂಬರು, ಚಿಹ್ನೆ

ಊರಲ್ಲಾದರೆ ಡಾಕ್ಟರು ಯಾರ ಮನೆಯವರು, ಎಲ್ಲಿ ಓದಿದರು ಎಂಬುದು ನಾಲ್ಕು ಜನರಿಗೆ ಗೊತ್ತಿರುತ್ತದೆ. ಧಾರಾವಿಯ ಗಲ್ಲಿಯಲ್ಲಿ, ಡೊಂಬಿವಲಿಯ ಸ್ಟೇಷನ್ ರಸ್ತೆಯಲ್ಲಿ, ಪುಣೆಯ ಹೊಸ ಬಡಾವಣೆಯಲ್ಲಿ, ವಾಸ್ಕೋದಲ್ಲಿ ಹಾಗಲ್ಲ. ಬಾಡಿಗೆ ಮನೆ ಬದಲಾದಂತೆ ಡಾಕ್ಟರೂ ಬದಲಾಗುತ್ತಾರೆ, ಅವರ ಬಗ್ಗೆ ನಮಗೆ ಸಿಗುವ ಪರಿಚಯ ಬೋರ್ಡಿನದಷ್ಟೇ. ಅದೂ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಆದ್ದರಿಂದ ಬೋರ್ಡು ಓದಲು ಕಲಿಯುವುದು ಮಹಾರಾಷ್ಟ್ರ, ಗೋವಾಕ್ಕೆ ಬಂದ ಕನ್ನಡಿಗರಿಗೆ ರೇಷನ್ ಕಾರ್ಡಿನಷ್ಟೇ ಅಗತ್ಯ.

ಬೋರ್ಡಿನಲ್ಲಿ ನೋಡಬೇಕಾದದ್ದು ಮೂರು: ಪೂರ್ತಿ ಹೆಸರು, ಪದವಿಯ ಅಕ್ಷರಗಳು, ನೋಂದಣಿ ಸಂಖ್ಯೆ. ಅಲೋಪತಿ ಡಾಕ್ಟರರ ನಡತೆಯ ಕುರಿತ 2002ರ ನಿಯಮಗಳ ಪ್ರಕಾರ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಕಾಣುವಂತೆ ಹಾಕಬೇಕು. ಔಷಧ ಚೀಟಿ, ಸರ್ಟಿಫಿಕೇಟು, ಹಣದ ರಸೀದಿಯ ಮೇಲೂ ಬರೆಯಬೇಕು. ಬೋರ್ಡಿನಲ್ಲಿ ಹೆಸರು, ವಿಶ್ವವಿದ್ಯಾಲಯ ಅಥವಾ ಶಾಸನಬದ್ಧ ಸಂಸ್ಥೆ ಕೊಟ್ಟ ಪದವಿ, ಪರಿಣತಿಯ ವಿಭಾಗ, ನೋಂದಣಿ ಸಂಖ್ಯೆ, ನೋಂದಾಯಿಸಿದ ಕೌನ್ಸಿಲ್‌ನ ಹೆಸರು ಇಷ್ಟಿದ್ದರೆ ಸಾಕು. ಅದಕ್ಕಿಂತ ಹೆಚ್ಚಿಗೆ ಬರೆಯುವುದು ಸರಿಯಲ್ಲ ಎಂದೇ ನಿಯಮ ಹೇಳುತ್ತದೆ. ‘ನೂರಕ್ಕೆ ನೂರು ಗುಣ’ ಎಂದು ದೊಡ್ಡದಾಗಿ ಬರೆದು ನಂಬರು ಬಿಟ್ಟ ಬೋರ್ಡು ಕಂಡರೆ ಅಲ್ಲೇ ಎಚ್ಚರಾಗಬೇಕು.

ಮೊದಲು ಮರಾಠಿ ಮಾತುಗಳು. ಬಾಲರೋಗತಜ್ಞ, ಸ್ತ್ರೀರೋಗತಜ್ಞ, ನೇತ್ರರೋಗತಜ್ಞ ನಮಗೆ ಹೇಳಿಕೊಡಬೇಕಾಗಿಲ್ಲ. ಎಡವುವುದು ಬೇರೆ ಕಡೆ. ‘ಮೂಳವ್ಯಾಧ’ ಎಂದು ಬರೆದಿದ್ದರೆ ಅದು ಮೂಳೆಯ ಕಾಯಿಲೆಯಲ್ಲ, ಮೂಲವ್ಯಾಧಿ. ಮೂಳೆಗೆ ಮರಾಠಿಯಲ್ಲಿ ‘ಹಾಡ’ ಎನ್ನುತ್ತಾರೆ. ‘ಹಾಡವೈದ್ಯ’ ಎಂದರೆ ಪಾರಂಪರಿಕವಾಗಿ ಮೂಳೆ ಕೂಡಿಸಿ ಕಟ್ಟು ಹಾಕುವವರು, ‘ಅಸ್ಥಿರೋಗತಜ್ಞ’ ಎಂದರೆ ಆರ್ಥೋಪೆಡಿಕ್ ಡಾಕ್ಟರು. ಇಬ್ಬರೂ ಒಂದೇ ಅಲ್ಲ. ಬಿದ್ದು ಕೈ ಮುರಿದಾಗ ಈ ವ್ಯತ್ಯಾಸ ಗೊತ್ತಿಲ್ಲದೆ ಎಕ್ಸ್‌ರೇ ಇಲ್ಲದೆಯೇ ಬಿಗಿಯಾಗಿ ಕಟ್ಟಿಸಿಕೊಂಡರೆ ರಕ್ತ ಓಡಾಟ ನಿಂತು ಕೈಗೇ ಕುತ್ತು ಬರಬಹುದು. ‘ಘಸಾ’ ಎಂದರೆ ಗಂಟಲು, ಹಾಗಾಗಿ ‘ಕಾನ ನಾಕ ಘಸಾ’ ಅಂದರೆ ಇಎನ್‌ಟಿ. ‘ಭೂಲತಜ್ಞ’ ಅರಿವಳಿಕೆ ಕೊಡುವವರು. ‘ಶಲ್ಯಚಿಕಿತ್ಸಕ’ ಸರ್ಜನ್. ‘ರುಗ್ಣಾಲಯ’ ಆಸ್ಪತ್ರೆ. ‘ನೋಂದಣಿ ಕ್ರಮಾಂಕ’ ನಮ್ಮ ನೋಂದಣಿ ಸಂಖ್ಯೆಯೇ. ಕಣ್ಣು ಮೊದಲು ಅದನ್ನು ಹುಡುಕಲಿ.

ಇನ್ನು ಪದವಿಯ ಅಕ್ಷರಗಳು. ಎಂಬಿಬಿಎಸ್ ಅಲೋಪತಿಯ ಮೂಲ ಪದವಿ: ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅದರ ಮೇಲೆ ಮೂರು ವರ್ಷ ಓದಿದರೆ ಎಂಡಿ ಅಥವಾ ಎಂಎಸ್. ಡಿಎನ್‌ಬಿ ಎಂದಿದ್ದರೆ ಅದು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಪದವಿ, ಎಂಡಿ-ಎಂಎಸ್‌ಗೆ ಸಮ. ಅದನ್ನು ಕಡಿಮೆಯದೆಂದು ತಿಳಿಯಬೇಡಿ. ಅದರಾಚೆ ಇನ್ನೂ ಮೂರು ವರ್ಷ ಓದಿದವರು ಡಿಎಂ ಅಥವಾ ಎಂಸಿಎಚ್. ಹೃದ್ರೋಗದಲ್ಲಿ ಡಿಎಂ ಎಂದು ಬರೆದವರು ಹನ್ನೊಂದೂವರೆ ವರ್ಷದ ಓದು ಮುಗಿಸಿದವರು ಎಂದು ಲೆಕ್ಕ. ಡಿಸಿಎಚ್, ಡಿಜಿಒ, ಡಿಎ ಮುಂತಾದವು ಎಂಬಿಬಿಎಸ್ ನಂತರದ ಡಿಪ್ಲೊಮಾಗಳು: ಕ್ರಮವಾಗಿ ಮಕ್ಕಳು, ಹೆರಿಗೆ ಮತ್ತು ಸ್ತ್ರೀರೋಗ, ಅರಿವಳಿಕೆ.

ಬಿಎಎಂಎಸ್ ಆಯುರ್ವೇದ, ಬಿಎಚ್‌ಎಂಎಸ್ ಹೋಮಿಯೋಪತಿ, ಬಿಯುಎಂಎಸ್ ಯುನಾನಿ. ಮೂರಕ್ಕೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಇವರು ಕಾನೂನುಬದ್ಧ ಡಾಕ್ಟರರೇ, ಪದ್ಧತಿ ಬೇರೆ ಅಷ್ಟೆ. ಮುಂಬಯಿಯ ಚಾಳುಗಳಲ್ಲಿ ರಾತ್ರಿ ಹತ್ತಕ್ಕೂ ಬಾಗಿಲು ತೆರೆದಿಡುವವರು ಬಹಳಷ್ಟು ಇವರೇ, ಬಡವರಿಗೆ ಅವರಿಂದ ಆಗುತ್ತಿರುವ ಉಪಕಾರ ಸಣ್ಣದಲ್ಲ. ಮಹಾರಾಷ್ಟ್ರದಲ್ಲಿ ರಾಜ್ಯ ಸರ್ಕಾರದ ಆದೇಶದ ಬಲದಿಂದ ಆಯುರ್ವೇದ ಡಾಕ್ಟರರು ಅಲೋಪತಿ ಮಾತ್ರೆ ಬರೆಯುವುದುಂಟು. ಹೋಮಿಯೋಪತಿಯವರಿಗೆ ಸಿಸಿಎಂಪಿ ಎಂಬ ಒಂದು ವರ್ಷದ ಔಷಧಶಾಸ್ತ್ರದ ಕೋರ್ಸ್ ಇದೆ, ಅದರ ಬಗ್ಗೆ ಕೋರ್ಟಿನಲ್ಲಿ ತಕರಾರೂ ಇದೆ. ನೀವು ತಿಳಿದಿರಬೇಕಾದದ್ದು ಇಷ್ಟು: ಇಂಜೆಕ್ಷನ್ ಕೊಟ್ಟರು ಎಂದ ಮಾತ್ರಕ್ಕೆ ಅವರು ಎಂಬಿಬಿಎಸ್ ಎಂದು ಭಾವಿಸಬೇಡಿ. ಯಾವ ಪದ್ಧತಿಯವರು ಎಂದು ತಿಳಿದೇ ಔಷಧ ತೆಗೆದುಕೊಳ್ಳಿ.

ಜನ ಹೆಚ್ಚು ಮೋಸ ಹೋಗುವುದು ‘ಎಂಡಿ’ ಎಂಬ ಎರಡಕ್ಷರದಲ್ಲಿ. ಅದರ ಪಕ್ಕದ ಕಂಸದೊಳಗೆ ಏನಿದೆ ಎಂಬುದೇ ಮುಖ್ಯ. ಎಂಡಿ (ಮೆಡಿಸಿನ್) ಅಲೋಪತಿಯ ಫಿಜಿಶಿಯನ್. ಎಂಡಿ (ಆಯು) ಆಯುರ್ವೇದದ ಸ್ನಾತಕೋತ್ತರ ಪದವಿ, ಎಂಡಿ (ಹೋಮ್) ಹೋಮಿಯೋಪತಿಯದು. ರಷ್ಯಾದಂಥ ದೇಶಗಳಲ್ಲಿ ಮೂಲ ಪದವಿಗೇ ಎಂಡಿ ಎನ್ನುತ್ತಾರೆ, ಅದು ನಮ್ಮ ಎಂಬಿಬಿಎಸ್‌ಗೆ ಸಮ. ಅಲ್ಲಿ ಓದಿದವರು ಇಲ್ಲಿನ ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಂಡರೆ ಒಳ್ಳೆಯ ಡಾಕ್ಟರರೇ, ಆದರೆ ತಜ್ಞರಲ್ಲ. ಎಂಡಿ (ಎಎಂ), ಅಂದರೆ ಆಲ್ಟರ್ನೇಟಿವ್ ಮೆಡಿಸಿನ್, ಮಾನ್ಯತೆ ಇಲ್ಲದ್ದು. ಎಲೆಕ್ಟ್ರೋಹೋಮಿಯೋಪತಿಯ ಬಿಇಎಂಎಸ್ ಕೂಡ ಹಾಗೆಯೇ. ಬಿಎಎಂಎಸ್ ಮತ್ತು ಬಿಇಎಂಎಸ್ ನಡುವೆ ಒಂದೇ ಅಕ್ಷರದ ಅಂತರ, ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಕಂಸವೇ ಇಲ್ಲದೆ ಬರೀ ಎಂಡಿ ಎಂದಿದ್ದರೆ ‘ಯಾವುದರಲ್ಲಿ ಎಂಡಿ, ಡಾಕ್ಟರ್ ಸಾಹೇಬ್?’ ಎಂದು ಮರ್ಯಾದೆಯಿಂದ ಕೇಳಿ. ಓದಿದವರು ಬೇಸರಿಸದೆ ಹೇಳುತ್ತಾರೆ.

ಹಳೆಯ ‘ವೈದ್ಯ ವಿಶಾರದ’, ‘ಆಯುರ್ವೇದ ರತ್ನ’ ಬಿರುದುಗಳು ಇಂದಿಗೂ ಕೆಲವು ಬೋರ್ಡುಗಳಲ್ಲಿ ಕಾಣುತ್ತವೆ. ಹಿಂದಿ ಸಾಹಿತ್ಯ ಸಮ್ಮೇಳನ ಕೊಟ್ಟ ಇವಕ್ಕೆ ಮಾನ್ಯತೆ ಇದ್ದದ್ದು 1967ರ ತನಕ ಮಾತ್ರ. ಬೋರ್ಡಿನವರ ವಯಸ್ಸು ನೋಡಿದರೆ ಉತ್ತರ ಸಿಗುತ್ತದೆ.

‘ಡಾ.’ ಇದ್ದು ಔಷಧದ ಡಾಕ್ಟರಲ್ಲದವರೂ ಇದ್ದಾರೆ. ಹೆಸರಿನ ಜೊತೆ (ಪಿಟಿ) ಇದ್ದರೆ ಫಿಸಿಯೋಥೆರಪಿಸ್ಟ್. ಮನಸ್ಸಿನ ತೊಂದರೆಗೆ ಹೋಗುವಾಗ ಎಂಡಿ ಅಥವಾ ಡಿಪಿಎಂ (ಮನೋವೈದ್ಯದ ಡಿಪ್ಲೊಮಾ) ಇರುವ ಮನೋವೈದ್ಯರು ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕನ್ನಡಕದ ಅಂಗಡಿಯ ಆಪ್ಟೋಮೆಟ್ರಿಸ್ಟ್ ನಂಬರು ತೆಗೆಯುತ್ತಾರೆ; ಕಣ್ಣಿನ ಪೊರೆಗೆ, ಸಕ್ಕರೆ ಕಾಯಿಲೆಯವರ ಅಕ್ಷಿಪಟಲ ಪರೀಕ್ಷೆಗೆ ಕಣ್ಣಿನ ಡಾಕ್ಟರೇ ಬೇಕು.

ಲ್ಯಾಬ್ ರಿಪೋರ್ಟಿಗೂ ಇದೇ ಕಣ್ಣು ಇರಲಿ. ಡಿಎಂಎಲ್‌ಟಿ ಎಂದರೆ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಯಂತ್ರದಲ್ಲಿ ಪರೀಕ್ಷಿಸುವುದು ಅವರ ಕೆಲಸ. ರಿಪೋರ್ಟಿಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ, ನೋಂದಾಯಿತ ಡಾಕ್ಟರು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಸಹಿಯ ಕೆಳಗೆ ಡಿಎಂಎಲ್‌ಟಿ ಮಾತ್ರ ಇದ್ದರೆ ಆ ರಿಪೋರ್ಟನ್ನು ನಂಬಿ ಆಪರೇಷನ್ನಿಗೆ ಒಪ್ಪಬೇಡಿ, ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ.

ಈಗ ನಂಬರು ತಾಳೆ ನೋಡುವ ಕೆಲಸ. ಹತ್ತು ನಿಮಿಷ ಸಾಕು. ಬೋರ್ಡು ಅಥವಾ ಚೀಟಿಯ ಫೋಟೊ ತೆಗೆದುಕೊಳ್ಳಿ, ನಂಬರು ಯಾವ ಕೌನ್ಸಿಲ್‌ನದು ನೋಡಿ. ಮಹಾರಾಷ್ಟ್ರದ ಅಲೋಪತಿಯವರು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್, ಅಂದರೆ ಎಂಎಂಸಿ. ಆಯುರ್ವೇದ, ಯುನಾನಿಯವರು ಮಹಾರಾಷ್ಟ್ರ ಕೌನ್ಸಿಲ್ ಆಫ್ ಇಂಡಿಯನ್ ಮೆಡಿಸಿನ್, ಅಂದರೆ ಎಂಸಿಐಎಂ. ಹೋಮಿಯೋಪತಿಗೂ ಹಲ್ಲಿನ ಡಾಕ್ಟರರಿಗೂ ಬೇರೆ ಬೇರೆ ಕೌನ್ಸಿಲ್. ಗೋವಾದ ಅಲೋಪತಿಯವರು ಗೋವಾ ಮೆಡಿಕಲ್ ಕೌನ್ಸಿಲ್. ಎಂಎಂಸಿಯ ಈಚಿನ ನಂಬರುಗಳು ವರ್ಷ, ತಿಂಗಳು, ಕ್ರಮಸಂಖ್ಯೆ ಎಂಬ ಮೂರು ಭಾಗಗಳಲ್ಲಿ ಅಡ್ಡಗೆರೆಯೊಂದಿಗೆ ಇರುತ್ತವೆ. ಹಳೆಯ ಡಾಕ್ಟರರದು ಬರೀ ಅಂಕಿ. ಎಂಸಿಐಎಂ ನಂಬರು ಸಾಮಾನ್ಯವಾಗಿ ‘ಐ’ ಅಕ್ಷರದಿಂದ ಶುರುವಾಗುತ್ತದೆ. ಎಂಬಿಬಿಎಸ್ ಎಂದು ಬರೆದು ಕೆಳಗೆ ‘ಐ’ ನಂಬರು ಕೊಟ್ಟಿದ್ದರೆ ಅಕ್ಷರವೂ ಅಂಕಿಯೂ ಕೂಡುತ್ತಿಲ್ಲ ಎಂದರ್ಥ.

ಆಮೇಲೆ ಆ ಕೌನ್ಸಿಲ್‌ನ ಜಾಲತಾಣದಲ್ಲಿ ಹುಡುಕಿ. ಅಲೋಪತಿಯವರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಭಾರತೀಯ ವೈದ್ಯಕೀಯ ರಿಜಿಸ್ಟರಿನಲ್ಲೂ ನೋಡಬಹುದು. ಹೆಸರಿಗಿಂತ ನಂಬರಿನಿಂದ ಹುಡುಕುವುದೇ ಮೇಲು. ಮರಾಠಿ ರೂಢಿಯಲ್ಲಿ ಸ್ವಂತ ಹೆಸರು ಮೊದಲು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು; ಪಟ್ಟಿಗಳಲ್ಲಿ ಅಡ್ಡಹೆಸರು ಮೊದಲು ಬರುವುದೂ ಉಂಟು. ಮದುವೆಯಾದ ಮೇಲೆ ಹೆಂಗಸರ ಹೆಸರು ಬದಲಾಗಿರುತ್ತದೆ. ಕಾಗುಣಿತವಂತೂ ಒಬ್ಬೊಬ್ಬರದು ಒಂದೊಂದು ಥರ. ಬೋರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟ ಕೌನ್ಸಿಲ್‌ನದೇ ಹೌದೋ ಎಂದು ವಿಳಾಸ ನೋಡಿ. ಡಾಕ್ಟರರ ಸ್ವಂತ ಪುಟ ತೆರೆದರೆ ಅದು ಜಾಹೀರಾತು, ಪುರಾವೆಯಲ್ಲ.

ಹುಡುಕಿದಾಗ ಹೆಸರು ಸಿಗಲಿಲ್ಲ ಎಂದ ಕೂಡಲೇ ‘ನಕಲಿ’ ಎಂದು ಚಾಳಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಡಬೇಡಿ. ರಾಷ್ಟ್ರೀಯ ಪಟ್ಟಿಗಳಿಗೆ ರಾಜ್ಯದ ಮಾಹಿತಿ ತಡವಾಗಿ ಸೇರುವುದುಂಟು, ಆದ್ದರಿಂದ ರಾಜ್ಯದ ಪಟ್ಟಿ ನೋಡದೆ ತೀರ್ಮಾನಿಸಬಾರದು. ಎಂಎಂಸಿಯಲ್ಲಿ ಐದು ವರ್ಷಕ್ಕೊಮ್ಮೆ ನವೀಕರಣ, ಅದು ತಪ್ಪಿರಬಹುದು. ಕರ್ನಾಟಕದಿಂದ ಬಂದವರ ಬೋರ್ಡಿನಲ್ಲಿ ಕೆಎಂಸಿ, ಅಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನಂಬರು ಇರಬಹುದು. ಇಲ್ಲಿ ಕಾಯಂ ಆಗಿ ದವಾಖಾನೆ ನಡೆಸುವವರು ಮಹಾರಾಷ್ಟ್ರದ ಕೌನ್ಸಿಲ್‌ನಲ್ಲೂ ನೋಂದಾಯಿಸಿಕೊಂಡಿರಬೇಕು. ಎಂಬಿಬಿಎಸ್ ಸಿಕ್ಕಿ ಎಂಡಿ ಕಾಣದಿದ್ದರೆ ಹೆಚ್ಚುವರಿ ಪದವಿಯನ್ನು ದಾಖಲಿಸಿಲ್ಲವೆಂದೋ, ಪದವಿಯೇ ಇಲ್ಲವೆಂದೋ ಎರಡೂ ಆಗಬಹುದು. ಕೇಳಿ ತಿಳಿಯಿರಿ.

ನಿಜವಾಗಿ ಅಪಾಯ ಇರುವುದು ಎಲ್ಲವೂ ಸರಿಯಿದ್ದು ಕುರ್ಚಿಯಲ್ಲಿ ಬೇರೆಯವರು ಕೂತಿರುವಾಗ. ಬೋರ್ಡು ಒಬ್ಬ ಎಂಬಿಬಿಎಸ್ ಡಾಕ್ಟರದು, ನಂಬರೂ ಅಸಲಿ, ಆದರೆ ದಿನವೂ ರೋಗಿಗಳನ್ನು ನೋಡುವವರು ಕಂಪೌಂಡರ್. ಚೀಟಿಯ ಮೇಲಿನ ಹೆಸರು, ನಿಮ್ಮ ನಾಡಿ ಹಿಡಿದವರ ಹೆಸರು ಒಂದೇನಾ ಎಂದು ಪ್ರತಿ ಸಲ ಖಾತ್ರಿ ಮಾಡಿಕೊಳ್ಳಿ. ‘ಇವತ್ತು ಸಾಹೇಬರು ಬಂದಿಲ್ಲ, ನಾನೇ ಬರೆಯುತ್ತೇನೆ’ ಎಂದರೆ ಬರೆದವರ ಹೆಸರು, ನಂಬರನ್ನೂ ಹಾಕಿಸಿಕೊಳ್ಳಿ.

ಚಿಹ್ನೆಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಒಂದೇ ಹಾವು ಸುತ್ತಿದ ಕೋಲು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನದು. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದು ಅದೇ. ಎರಡು ಹಾವು, ಮೇಲೆ ರೆಕ್ಕೆ ಇರುವುದು ವ್ಯಾಪಾರದ ದೇವತೆ ಹರ್ಮಿಸ್‌ನ ಕೋಲು. ಅಮೆರಿಕದ ಸೇನೆಯ ವೈದ್ಯ ದಳ 1902ರಲ್ಲಿ ಅದನ್ನು ತೆಗೆದುಕೊಂಡ ಮೇಲೆ ಎಲ್ಲೆಡೆ ಹಬ್ಬಿತು. ಬಿಳಿಯ ಮೇಲಿನ ಕೆಂಪು ಶಿಲುಬೆಯನ್ನು ಖಾಸಗಿ ಡಾಕ್ಟರರು ಬಳಸುವಂತೆಯೇ ಇಲ್ಲ, 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅದನ್ನು ನಿಷೇಧಿಸಿದೆ. ‘ಐಎಂಎ ಸದಸ್ಯ’ ಎಂಬುದು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಎಂಬ ಡಾಕ್ಟರರ ಸಂಘದ ಸದಸ್ಯತ್ವ, ಪದವಿಯಲ್ಲ. ‘ಎಕ್ಸ್ ರಿಜಿಸ್ಟ್ರಾರ್’ ಎಂದರೆ ಆ ಆಸ್ಪತ್ರೆಯಲ್ಲಿ ಹಿಂದೆ ರೆಸಿಡೆಂಟ್ ಆಗಿದ್ದರು. ‘ಕನ್ಸಲ್ಟಂಟ್’, ‘ಡಯಾಬಿಟಾಲಜಿಸ್ಟ್’ ಪದಗಳ ಹಿಂದೆ ಡಿಎಂ ಇರಬಹುದು, ಕೆಲವು ತಿಂಗಳ ಕೋರ್ಸೂ ಇರಬಹುದು.

ಸಾಯನ್, ಕೆಇಎಂ, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜಿನಲ್ಲಿ ಬೋರ್ಡಿನ ಬದಲು ಶ್ರೇಣಿ ತಿಳಿದಿರಬೇಕು. ಬಿಳಿ ಕೋಟು ಎಲ್ಲರ ಮೈಮೇಲೂ ಇರುತ್ತದೆ. ಇಂಟರ್ನ್ ತಾತ್ಕಾಲಿಕ ನೋಂದಣಿಯವರು, ಹಿರಿಯರ ಕಣ್ಗಾವಲಿನಲ್ಲಿ ಕೆಲಸ ಮಾಡುವವರು. ರೆಸಿಡೆಂಟ್ ಆಗಲೇ ಎಂಬಿಬಿಎಸ್ ಮುಗಿಸಿ ಎಂಡಿ-ಎಂಎಸ್ ಓದುತ್ತಿರುವವರು; ಹಗಲುರಾತ್ರಿ ವಾರ್ಡು ನೋಡುವವರು ಅವರೇ. ಮೇಲೆ ಪ್ರೊಫೆಸರ್ ದರ್ಜೆಯ ಡಾಕ್ಟರರು, ಎಲ್ಲರ ಮೇಲೆ ಯೂನಿಟ್ಟಿನ ಮುಖ್ಯಸ್ಥರು. ಕೇಸ್ ಪೇಪರಿನ ಮೇಲೆ ಯೂನಿಟ್ ಬರೆದಿರುತ್ತದೆ, ಅದನ್ನು ಬಾಯಿಪಾಠ ಮಾಡಿಕೊಳ್ಳಿ: ಮುಂದಿನ ಒಪಿಡಿ ವಾರ ಯಾವುದು, ಆಪರೇಷನ್ ದಿನ ಯಾವುದು ಎಂಬುದು ಅದರ ಮೇಲೆಯೇ ನಿಂತಿದೆ. ಮಾಮಾ, ಮಾವಶಿ ಎಂದು ಕರೆಸಿಕೊಳ್ಳುವ ವಾರ್ಡಿನ ಸಹಾಯಕರು ದಾರಿ ತೋರಿಸುತ್ತಾರೆ, ಟ್ರಾಲಿ ತರುತ್ತಾರೆ. ಮಾತ್ರೆಯ ವಿಷಯ ಮಾತ್ರ ಸಿಸ್ಟರನ್ನೋ ಡಾಕ್ಟರನ್ನೋ ಕೇಳಿ.

ಎಲ್ಲ ನೋಡಿಯೂ ನೋಂದಣಿ ಇಲ್ಲವೆಂದು ಖಾತ್ರಿಯಾದರೆ ದವಾಖಾನೆಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಬೋರ್ಡಿನ ಫೋಟೊ, ಚೀಟಿ, ರಸೀದಿ ಇಟ್ಟುಕೊಂಡು ಮುಂಬಯಿಯಲ್ಲಿ ನಿಮ್ಮ ವಾರ್ಡ್ ಕಚೇರಿಯ ಆರೋಗ್ಯ ಅಧಿಕಾರಿಗೆ, ಪುಣೆಯಲ್ಲಿ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಲಿಖಿತ ದೂರು ಕೊಡಿ. ಪೊಲೀಸ್ ಠಾಣೆಗೂ ಕೊಡಬಹುದು. ನೋಂದಣಿ ಇಲ್ಲದೆ ಅಲೋಪತಿ ವೈದ್ಯಕೀಯ ನಡೆಸಿದವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ನೋಂದಾಯಿತ ಡಾಕ್ಟರರ ಮೇಲಿನ ದೂರಾದರೆ ಅವರ ಕೌನ್ಸಿಲ್‌ಗೆ ಹೋಗಬೇಕು.

ಇದೆಲ್ಲ ಜ್ವರ, ಕೆಮ್ಮು, ಸಕ್ಕರೆ, ಬಿಪಿಯಂಥ ನಿಧಾನದ ಕಾಯಿಲೆಗಳಿಗೆ. ಎದೆನೋವು, ಪ್ರಜ್ಞೆ ತಪ್ಪಿದ್ದು, ರಕ್ತ ನಿಲ್ಲದಿರುವುದು, ಹಾವು ಕಚ್ಚಿದ್ದು, ಇಂಥ ಹೊತ್ತಿನಲ್ಲಿ ಬೋರ್ಡು ಓದುತ್ತ ನಿಲ್ಲಬಾರದು. 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಹೆಸರು, ನಂಬರುಗಳನ್ನು ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದಾಗ ನೋಡಿಕೊಂಡರಾಯಿತು.