ಬೀಜಗಣಿತದ ಭಿನ್ನರಾಶಿ: ಗುಣಿಸುವ ಮೊದಲು ಅಪವರ್ತಿಸಿ

ಎರಡು ಭಿನ್ನರಾಶಿಗಳ ನಡುವೆ ಗುಣಾಕಾರದ ಚಿಹ್ನೆ ಕಂಡ ಕೂಡಲೇ ಹೆಚ್ಚಿನ ಮಕ್ಕಳು ಗುಣಿಸಲು ಶುರು ಮಾಡುತ್ತಾರೆ. ಲೆಕ್ಕ ಗೋಜಲಾಗುವುದು ಅಲ್ಲೇ. ಮೊದಲು ಅಪವರ್ತಿಸಬೇಕು, ಅಂದರೆ ಗುಣಾಕಾರದ ರೂಪದಲ್ಲಿ ಬಿಡಿಸಿ ಬರೆಯಬೇಕು. ಆಮೇಲೆ ಕ್ಯಾನ್ಸಲ್ ಮಾಡಬೇಕು. ಗುಣಿಸುವುದು ಎಲ್ಲಕ್ಕಿಂತ ಕೊನೆಗೆ.

ಈ ಕ್ರಮ ಹೊಸದಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಸಂಖ್ಯೆಗಳ ಭಿನ್ನರಾಶಿಗೆ ಇದನ್ನೇ ಹೇಳಿದ್ದಾರೆ. ಅಂಶವನ್ನು ಅಂಶದಿಂದ, ಛೇದವನ್ನು ಛೇದದಿಂದ ಗುಣಿಸಿ. ಆದರೆ ಅಡ್ಡಡ್ಡವಾಗಿ ಸಂಕ್ಷೇಪಿಸಲು ಬಂದರೆ ಮೊದಲು ಅದನ್ನು ಮಾಡಿ ಮುಗಿಸಿ. ಅಕ್ಷರಗಳಿರುವ ಭಿನ್ನರಾಶಿಗೂ ಇದೇ ದಾರಿ.

ಗೊತ್ತಿಲ್ಲದ ಸಂಖ್ಯೆಯನ್ನು ‘ಕ’ ಎಂದಿಟ್ಟುಕೊಳ್ಳೋಣ.

(ಕ² − 9)/(ಕ² + 5ಕ + 6) × (4ಕ + 8)/(ಕ² − 3ಕ)

ನೇರವಾಗಿ ಗುಣಿಸಿದರೆ ಛೇದದಲ್ಲಿ ಕ⁴ + 2ಕ³ − 9ಕ² − 18ಕ ಬರುತ್ತದೆ. ಅದನ್ನು ಮತ್ತೆ ಬಿಡಿಸಲು ಸುಮ್ನೆ ಒದ್ದಾಡಬೇಕು.

ಹಂತ 1: ನಾಲ್ಕೂ ಬೀಜೋಕ್ತಿಗಳನ್ನು ಅಪವರ್ತಿಸಿ.

(ಕ − 3)(ಕ + 3)/[(ಕ + 2)(ಕ + 3)] × 4(ಕ + 2)/[ಕ(ಕ − 3)]

ಹಂತ 2: ಮೇಲೂ ಕೆಳಗೂ ಇರುವ ಒಂದೇ ಅಪವರ್ತನಗಳನ್ನು ಹೊಡೆದುಹಾಕಿ. ಅವು ಬೇರೆ ಬೇರೆ ಭಿನ್ನರಾಶಿಯಲ್ಲಿದ್ದರೂ ತೊಂದರೆಯಿಲ್ಲ. ಇಲ್ಲಿ (ಕ − 3), (ಕ + 3), (ಕ + 2) ಮೂರೂ ಹೋಗುತ್ತವೆ.

ಹಂತ 3: ಉಳಿದದ್ದನ್ನು ಗುಣಿಸಿ. ಉತ್ತರ 4/ಕ. ಅಷ್ಟೇ!

ಸರಿಯಿದೆಯೇ ಎಂದು ನೋಡಲು ಕ = 4 ಹಾಕಿ. ಮೂಲ ಲೆಕ್ಕ 7/42 × 24/4, ಅಂದರೆ 1. ಉತ್ತರ 4/4, ಅದೂ 1. ಪರೀಕ್ಷೆಯಲ್ಲಿ ಅರ್ಧ ನಿಮಿಷ ಇದಕ್ಕೆ ಎತ್ತಿಡಿ.

ಜಾಸ್ತಿ ಅಂಕ ಹೋಗುವುದು ಹಂತ 2ರಲ್ಲಿ. (ಕ + 6)/6 ಎಂದಿದ್ದಾಗ ಎರಡು 6 ಕಂಡವು ಎಂದು ಹೊಡೆದುಹಾಕಿದರೆ ಉಳಿಯುವುದು ಬರೀ ಕ. ಕ = 12 ಹಾಕಿದರೆ ನಿಜವಾದ ಬೆಲೆ 3, ಈ ತಪ್ಪು ಉತ್ತರದಲ್ಲಿ 12! ಮೇಲಿನ 6 ಕೂಡಿಕೊಂಡಿರುವ ಪದ, ಗುಣಿಸಿಕೊಂಡಿರುವ ಅಪವರ್ತನ ಅಲ್ಲ. ಅಪವರ್ತನಗಳನ್ನು ಮಾತ್ರ ಕ್ಯಾನ್ಸಲ್ ಮಾಡಬಹುದು.

ಭಾಗಾಕಾರಕ್ಕೆ ಒಂದೇ ಹಂತ ಹೆಚ್ಚು. ÷ ಚಿಹ್ನೆಯ ನಂತರದ ಭಿನ್ನರಾಶಿಯನ್ನು ತಲೆಕೆಳಗು ಮಾಡಿ, ಚಿಹ್ನೆಯನ್ನು × ಮಾಡಿ. ಅರ್ಧದಿಂದ ಭಾಗಿಸಿದರೆ ಎರಡು ಪಟ್ಟು ಆಗುತ್ತದೆ ಅಲ್ವಾ? ಅದೇ ತತ್ವ. ಮೊದಲ ಭಿನ್ನರಾಶಿಯನ್ನು ಮಾತ್ರ ತಲೆಕೆಳಗು ಮಾಡಬೇಡಿ.

(ಕ² − 4)/3ಕ ÷ (ಕ + 2)/6ಕ²
= (ಕ − 2)(ಕ + 2)/3ಕ × 6ಕ²/(ಕ + 2)
= 2ಕ(ಕ − 2)

ಛೇದ ಸೊನ್ನೆ ಆಗುವಂತಿಲ್ಲ, ಹಾಗಾಗಿ ಇಲ್ಲಿ ಕ ಎಂಬುದು 0 ಆಗಬಾರದು. −2 ಕೂಡ ಆಗಬಾರದು, ಏಕೆಂದರೆ ಆಗ ನಾವು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಉತ್ತರದಲ್ಲಿ ಛೇದವೇ ಕಾಣದಿದ್ದರೂ ಈ ಷರತ್ತನ್ನು ಪಕ್ಕದಲ್ಲಿ ಬರೆಯಿರಿ.

ಈಗ ಇದನ್ನು ನೀವೇ ಮಾಡಿ: (ಕ² − 25)/2ಕ ÷ (5 − ಕ)/ಕ. ಸುಳಿವು: 5 − ಕ ಎಂದರೆ −(ಕ − 5). ಉತ್ತರ −(ಕ + 5)/2. ಕ ಎಂಬುದು 0 ಅಥವಾ 5 ಆಗಬಾರದು.