ಗುರುವಿನ ನಾಲ್ಕು ಚಂದ್ರರನ್ನು ಗುರುತಿಸುವುದು ಹೇಗೆ?

ಗುರು ಗ್ರಹದ ನಾಲ್ಕು ದೊಡ್ಡ ಉಪಗ್ರಹಗಳಾದ ಅಯೊ, ಯುರೋಪಾ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊಗಳನ್ನು ನೋಡಲು ದೊಡ್ಡ ದೂರದರ್ಶಕವೇನೂ ಬೇಕಿಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 50 ಮಿ.ಮೀ. ಮಸೂರವುಳ್ಳ ಬೈನಾಕ್ಯುಲರ್ ಸಾಕು. ಸುಮಾರು 13 ತಿಂಗಳಿಗೊಮ್ಮೆ ಗುರು ಸೂರ್ಯನಿಗೆ ಎದುರು ದಿಕ್ಕಿಗೆ ಬಂದು ರಾತ್ರಿಯಿಡೀ ಕಾಣುತ್ತದೆ. ಅದರ ಹಿಂದುಮುಂದಿನ ಕೆಲವು ತಿಂಗಳು ವೀಕ್ಷಣೆಗೆ ಪ್ರಶಸ್ತ.

ಮೊದಲು ಕೈನಡುಕವನ್ನು ತಪ್ಪಿಸಿಕೊಳ್ಳಬೇಕು. ಬೈನಾಕ್ಯುಲರನ್ನು ಟ್ರೈಪಾಡಿಗೆ ಬಿಗಿಯಿರಿ. ಇಲ್ಲವೇ ಮೊಣಕೈಗಳನ್ನು ಗೋಡೆಯ ಮೇಲೆ ಊರಿ, ಉಸಿರು ನಿಧಾನವಾದ ಮೇಲೆ ನೋಡಿ. ಕೈ ಅಲುಗುತ್ತಿದ್ದರೆ ಚುಕ್ಕಿಗಳು ಗುರುವಿನ ಪ್ರಭೆಯಲ್ಲೇ ಕಲಸಿಹೋಗುತ್ತವೆ. ಯಾವುದಾದರೊಂದು ನಕ್ಷತ್ರ ಸೂಜಿಮೊನೆಯಷ್ಟು ಚಿಕ್ಕದಾಗಿ ಕಾಣುವವರೆಗೆ ಫೋಕಸ್ ಸರಿಪಡಿಸಿಕೊಂಡು, ಆಮೇಲೆ ಗುರುವಿನತ್ತ ತಿರುಗಿಸಿ. ಪುಟ್ಟ ಬಿಳಿ ಬಿಲ್ಲೆಯ ಅಕ್ಕಪಕ್ಕ, ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಚುಕ್ಕಿಗಳು ಕಾಣುತ್ತವೆ. ಯಾವುದಾದರೂ ಒಂದು ಗುರುವಿನ ಮುಂದೆಯೋ ಹಿಂದೆಯೋ ಇದ್ದರೆ ಮೂರೇ ಕಾಣಬಹುದು, ಅದಕ್ಕೆ ನಿರಾಶರಾಗಬೇಡಿ. 1610ರ ಜನವರಿ 7ರಂದು ಗೆಲಿಲಿಯೊ ಕಂಡದ್ದೂ ಮೂರನ್ನೇ. ನಾಲ್ಕನೆಯದು ಅವನ ಕಣ್ಣಿಗೆ ಬಿದ್ದದ್ದು 13ರಂದು.

ಈಗ ಒಂದು ಹಾಳೆಯನ್ನು ಅಡ್ಡಲಾಗಿಟ್ಟು ನಡುವೆ 1 ಸೆಂಟಿಮೀಟರ್ ವ್ಯಾಸದ ವೃತ್ತ ಬರೆಯಿರಿ. ಅದು ಗುರು. ಕಂಡ ಚುಕ್ಕಿಗಳನ್ನು ಅದೇ ಅಳತೆಯ ಅಂದಾಜಿನಲ್ಲಿ ಗುರುತಿಸಿ, ಪಕ್ಕದಲ್ಲಿ ದಿನಾಂಕ ಮತ್ತು ಸಮಯ ಬರೆದಿಡಿ. ಹೆಸರು ಹೇಳಿಬಿಡುವ ಮೊಬೈಲ್ ಆ್ಯಪ್‌ಗಳುಂಟು, ಆದರೆ ಮೊದಲ ಕೆಲವು ರಾತ್ರಿ ಅವುಗಳನ್ನು ತೆರೆಯದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸ್ವಂತ ಗೆರೆಗಳಿಂದ ಹೊರಟ ಹೆಸರು ಮರೆಯುವುದಿಲ್ಲ. ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಗುರುವಿನ ಸಮೀಪದಲ್ಲಿರುವ ಅಯೊ ಅಷ್ಟರಲ್ಲಿ ನಿಮ್ಮ ಹಾಳೆಯ ಮೇಲೆ ಸುಮಾರು 8 ಮಿಲಿಮೀಟರ್ ಸರಿದಿರುತ್ತದೆ. ಅದೇ ಅಯೊ ತನ್ನ ಪಥದ ತುದಿಯಲ್ಲಿದ್ದಾಗ ನಿಂತಲ್ಲೇ ನಿಂತಂತೆ ತೋರುತ್ತದೆ, ಏಕೆಂದರೆ ಆಗ ಅದು ನಮ್ಮತ್ತ ಬರುತ್ತಿರುತ್ತದೆ ಅಥವಾ ನಮ್ಮಿಂದ ದೂರ ಹೋಗುತ್ತಿರುತ್ತದೆ.

ಎರಡು ಮೂರು ವಾರಗಳ ಹಾಳೆಗಳು ಸೇರಿದ ಮೇಲೆ ಹೆಸರಿಡಬಹುದು. ವೃತ್ತದ ಕೇಂದ್ರದಿಂದ 3 ಸೆಂಟಿಮೀಟರ್ ದಾಟದೆ, 1.77 ದಿನಕ್ಕೊಮ್ಮೆ ಸುತ್ತುವುದು ಅಯೊ. ಯುರೋಪಾ 4.7 ಸೆಂಟಿಮೀಟರ್‌ವರೆಗೂ ಗ್ಯಾನಿಮೀಡ್ 7.5ರವರೆಗೂ ಹೋಗುತ್ತವೆ, ಅವುಗಳ ಸುತ್ತಿಗೆ ಕ್ರಮವಾಗಿ 3.55 ಮತ್ತು 7.15 ದಿನ ಬೇಕು. ಹಾಳೆಯ ಅಂಚಿಗೆ, ಅಂದರೆ 13 ಸೆಂಟಿಮೀಟರ್‌ವರೆಗೆ ಹೋಗುವ ಚುಕ್ಕಿ ಕ್ಯಾಲಿಸ್ಟೊ ಮಾತ್ರ. ಅದರ ಸುತ್ತಿಗೆ 16.7 ದಿನ.

ಹೆಸರು ತಿಳಿದ ಮೇಲೆ ಹೊಳಪನ್ನು ಹೋಲಿಸಿ. ಈ ಹಂತವನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ, ಆದರೆ ಚುಕ್ಕಿ ಒಂದು ಲೋಕವಾಗಿ ಕಾಣತೊಡಗುವುದು ಇಲ್ಲಿಂದಲೇ. 5,268 ಕಿ.ಮೀ. ವ್ಯಾಸದ ಗ್ಯಾನಿಮೀಡ್ ಬುಧ ಗ್ರಹಕ್ಕಿಂತ ದೊಡ್ಡದು, ಹಾಗಾಗಿ ಅದೇ ಎಲ್ಲಕ್ಕಿಂತ ಪ್ರಕಾಶಮಾನ. ಆದರೆ 4,821 ಕಿ.ಮೀ. ವ್ಯಾಸದ ಕ್ಯಾಲಿಸ್ಟೊ ನಾಲ್ಕರಲ್ಲಿ ಅತ್ಯಂತ ಮಂಕು, 3,122 ಕಿ.ಮೀ.ನ ಯುರೋಪಾ ಅತಿ ಚಿಕ್ಕದಾದರೂ ಅದಕ್ಕಿಂತ ಹೆಚ್ಚು ಹೊಳೆಯುತ್ತದೆ. ಯುರೋಪಾದ ಹೊರಮೈ ತಿಳಿ ಮಂಜುಗಡ್ಡೆ. ಅಲ್ಲಿ ಕುಳಿಗಳು ತೀರಾ ಕಡಿಮೆಯಿರುವುದರಿಂದ ಆ ಮೈ ಇನ್ನೂ ಎಳೆಯದೆಂದು ತಿಳಿಯುತ್ತದೆ, ಮತ್ತು ಅದರಡಿ ಉಪ್ಪುನೀರಿನ ಸಾಗರವಿದೆಯೆನ್ನಲು ಬಲವಾದ ಸುಳಿವುಗಳಿವೆ. ಕ್ಯಾಲಿಸ್ಟೊದ ಕಪ್ಪು ಮೈ ಮಾತ್ರ ಕೋಟ್ಯಂತರ ವರ್ಷಗಳ ಉಲ್ಕಾಘಾತಗಳ ಕುಳಿಗಳನ್ನು ಹಾಗೆಯೇ ಉಳಿಸಿಕೊಂಡಿದೆ.

ಅಯೊದ ಕಥೆ ಬೇರೆ. ಅದು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಈ ಲಯಬದ್ಧ ಸೆಳೆತ ಅಯೊದ ಪಥವನ್ನು ಪೂರ್ಣ ವೃತ್ತವಾಗಲು ಬಿಡುವುದಿಲ್ಲ. ಹಾಗಾಗಿ ಗುರುವಿನ ಗುರುತ್ವ ಅದನ್ನು ಒಮ್ಮೆ ಹಿಂಡಿ, ಒಮ್ಮೆ ಸಡಿಲಿಸುತ್ತಲೇ ಇರುತ್ತದೆ, ಒಳಗಿನ ಬಂಡೆ ತಿಕ್ಕಾಟದಿಂದಲೇ ಕರಗುತ್ತದೆ. 1979ರ ಮಾರ್ಚಿನಲ್ಲಿ ವಾಯೇಜರ್ 1 ಬಾಹ್ಯಾಕಾಶ ನೌಕೆ ಕಳಿಸಿದ ಚಿತ್ರದಲ್ಲಿ ಕಂಡ ಜ್ವಾಲಾಮುಖಿಯ ಚಿಲುಮೆಗೆ ಇದೇ ಕಾರಣ. ಅಲ್ಲಿ 400ಕ್ಕೂ ಹೆಚ್ಚು ಸಕ್ರಿಯ ಜ್ವಾಲಾಮುಖಿಗಳಿದ್ದು, ಗಂಧಕ ಸುರಿದು ನೆಲ ಹಳದಿಯಾಗಿದೆ.

ಕೊನೆಗೆ ನಿಮ್ಮ ಹಾಳೆಯಲ್ಲಿ ಒಳಗಿನಿಂದ ಹೊರಕ್ಕೆ ಪ್ರತಿ ಹೆಸರಿನ ಕೆಳಗೂ ಸಾಂದ್ರತೆಯನ್ನು ಬರೆಯಿರಿ: 3.53, 3.01, 1.94, 1.83. ಇವು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬ ಅಂಕಿಗಳು, ನೀರಿನದು 1. ಒಳಗಿನವು ಮುಖ್ಯವಾಗಿ ಬಂಡೆ, ಹೊರಗಿನವು ಬಂಡೆ ಮತ್ತು ಮಂಜುಗಡ್ಡೆಯ ಮಿಶ್ರಣ. ಹುಟ್ಟಿದ ಕಾಲದಲ್ಲಿ ಗುರು ಬಹಳ ಬಿಸಿಯಾಗಿದ್ದು, ಅದರ ಸಮೀಪ ಮಂಜು ಗಟ್ಟಿಯಾಗಿ ಉಳಿಯಲಾಗಲಿಲ್ಲ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ಪ್ರಬಲ ವಿವರಣೆ.

ಮುಂದೆ 100 ಮಿ.ಮೀ.ನ ದೂರದರ್ಶಕ ಸಿಕ್ಕರೆ ಅಯೊ ಗುರುವಿನ ಮುಂದೆ ಹಾಯುವ ರಾತ್ರಿಗಾಗಿ ಕಾದು ನೋಡಿ. ಮೋಡಪಟ್ಟಿಗಳ ಮೇಲೆ ಅದರ ನೆರಳು ಮಸಿಯ ಚುಕ್ಕೆಯಂತೆ ಮೂಡಿ, ಸುಮಾರು ಎರಡು ಗಂಟೆ ಕಾಲ ಒಂದಂಚಿನಿಂದ ಇನ್ನೊಂದಂಚಿಗೆ ಸಾಗುತ್ತದೆ.