ಫ್ಯಾಮಿಲಿ ಕಾರ್ ಅಂತ ಹೇಳಿ ತಗೊಂಡ ಗಾಡಿ: 28 ತಿಂಗಳ ನನ್ನ ಅನುಭವ

ಮೊದ್ಲೇ ಒಂದು ವಿಷ್ಯ ಒಪ್ಕೊಂಡ್ಬಿಡ್ತೀನಿ. ಈ ಪರ್ಫಾರ್ಮೆನ್ಸ್ ಎಸ್‌ಯುವಿ, ಅಂದ್ರೆ ಸ್ಪೋರ್ಟ್ಸ್ ಕಾರಿನ ಥರ ಜೋರಾಗಿ ಓಡೋ ಎತ್ತರದ ಗಾಡಿ, ತಗೋಬೇಕು ಅಂತ ಮನ್ಸಲ್ಲಿ ತೀರ್ಮಾನ ಆದ್ಮೇಲೆ ನಾನು ಅದಕ್ಕೆ ಕಾರಣ ಹುಡುಕ್ದೆ. ಅಮ್ಮಂಗೆ ಮಂಡಿ ನೋವು, ತಗ್ಗಿರೋ ಕಾರಲ್ಲಿ ಕೂತು ಏಳೋಕಾಗಲ್ಲ, ಮಕ್ಳಿಬ್ರೂ ಉದ್ದ ಆಗ್ತಿದಾರೆ, ಊರಿಗೆ ಹೋಗಿ ಬರ್ವಾಗ ತೆಂಗಿನಕಾಯಿ ಮೂಟೆ ಇರುತ್ತೆ, ಸೇಫ್ಟಿ ಮುಖ್ಯ, ಹಿಂಗೆ ಒಂದು ಪಟ್ಟಿ ಮಾಡಿ ಹೆಂಡ್ತಿ ಮುಂದೆ ಇಟ್ಟೆ. ಅವ್ಳು ಪೂರ್ತಿ ಕೇಳಿ, "ರೀ, ಇದೆಲ್ಲಾ ಈಗಿರೋ ಇನ್ನೋವಾದಲ್ಲೂ ಇದ್ಯಲ್ಲಾ" ಅಂದ್ಲು. ಅದಕ್ಕೆ ನನ್ ಹತ್ರ ಉತ್ರ ಇರ್ಲಿಲ್ಲ, ಇವತ್ತಿಗೂ ಇಲ್ಲ.

ಗಾಡಿ ಹೆಸರು ಬೇಡ ಬಿಡಿ, ಹೇಳಿದ್ರೆ ಮಾತೆಲ್ಲಾ ಆ ಬ್ರ್ಯಾಂಡ್ ಕಡೆಗೇ ಹೋಗುತ್ತೆ. ಜರ್ಮನಿ ಕಡೇದು, ಐದು ಸೀಟು, 3 ಲೀಟರಿನ 6 ಸಿಲಿಂಡರ್ ಟರ್ಬೊ ಪೆಟ್ರೋಲು, 350 ಚಿಲ್ರೆ ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಪವರ್ರು, ನಿಂತಲ್ಲಿಂದ 100 ಕಿಲೋಮೀಟರ್ ಸ್ಪೀಡಿಗೆ 5 ಸೆಕೆಂಡು. 2020ರ ಮಾಡೆಲ್ಲು, ನಾನು ತಗೊಂಡಿದ್ದು 2023ರ ಅಕ್ಟೋಬರಲ್ಲಿ, ಸೆಕೆಂಡ್ ಹ್ಯಾಂಡು, 58 ಲಕ್ಷಕ್ಕೆ. ಇನ್ನೋವಾನ ಭಾವಮೈದುನನಿಗೆ ಕೊಟ್ಟೆ, ಹೆಂಡ್ತಿಯ ಹಳೇ ವ್ಯಾಗನ್ಆರ್ ಮನೇಲೇ ಉಳೀತು. ಆಯುಧ ಪೂಜೆಗೆ ಸರಿಯಾಗಿ ಗಾಡಿ ಮನೆಗೆ ಬಂತು, ಕುಂಬಳಕಾಯಿ ಒಡೆದು, ನಾಲ್ಕು ಟೈರ್ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸ್ದೆ. ಆ ಟೈರ್ ಒಂದೊಂದರ ರೇಟು ಏನು ಅಂತ ಅವತ್ತು ಗೊತ್ತಿದ್ದಿದ್ರೆ ಇನ್ನೂ ನಾಲ್ಕು ನಿಂಬೆಹಣ್ಣು ಜಾಸ್ತಿ ಇಡ್ತಿದ್ದೆ.

ಹೊಸದು ಯಾಕೆ ತಗೊಳ್ಳಿಲ್ಲ ಅಂದ್ರೆ, ನಮ್ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸು. 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟು, ಅದ್ರ ಮೇಲೆ ಸೆಸ್ಸು ಬೇರೆ. 80 ಲಕ್ಷದ ಗಾಡಿ ಅಂದ್ರೆ 14 ಲಕ್ಷಕ್ಕೂ ಮೇಲೆ ಬರೀ ಟ್ಯಾಕ್ಸಿಗೇ ಹೋಗುತ್ತೆ, ಆ ದುಡ್ಡಲ್ಲಿ ಇನ್ನೊಂದು ಒಳ್ಳೇ ಕಾರೇ ಬರುತ್ತೆ. ಮೊದಲನೇ ಓನರ್ರು ಅದನ್ನ ಕಟ್ಟಿದ್ರು, ನಂಗೆ ಕೆಎ ನಂಬರಿನ ಗಾಡಿ ಸಿಕ್ತು. ಡೆಲ್ಲಿ ನಂಬರಿನ ಗಾಡಿ ಏಳೆಂಟು ಲಕ್ಷ ಕಮ್ಮಿಗೆ ಇದೆ ಸಾರ್ ಅಂತ ಇಬ್ರು ಡೀಲರ್ಸ್ ಹಿಂದೆ ಬಿದ್ದಿದ್ರು, ಆದ್ರೆ ಅದನ್ನ ತಂದು ಇಲ್ಲಿ ಓಡ್ಸೋದಾದ್ರೆ ಇಲ್ಲಿನ ಟ್ಯಾಕ್ಸ್ ಕಟ್ಲೇಬೇಕು, ಕಟ್ಟದೇ ಓಡ್ಸಿ ಸಿಕ್ಕಿಬಿದ್ರೆ ಗಾಡಿ ಎತ್ಕೊಂಡೋಗ್ತಾರೆ. ಅಲ್ಲಿಗೆ ಲೆಕ್ಕ ಸಮ.

ಈಗ ನಿಜವಾದ ತಮಾಷೆ. ನಮ್ಮನೆ ವಿಜಯನಗರ, ಆಫೀಸು ಹೂಡಿ ಹತ್ರ. ಗಾಡಿ ಬಂದ ಅದೇ ಅಕ್ಟೋಬರಲ್ಲಿ, 9ನೇ ತಾರೀಕು, ಮೆಟ್ರೋ ಪರ್ಪಲ್ ಲೈನು ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಪನ್ ಆಯ್ತು. ಎರಡು ವಾರ ಹಠ ಹಿಡಿದು ಈ ಗಾಡೀಲೇ ಆಫೀಸಿಗೆ ಹೋದೆ, ಒಂದು ಕಡೆಗೆ ಎರಡು ಗಂಟೆ ಆಗಿದ್ದೂ ಇದೆ, ಮೂರನೇ ವಾರದಿಂದ ಮೆಟ್ರೋ. 5 ಸೆಕೆಂಡಲ್ಲಿ 100 ಹೋಗೋ ಗಾಡಿ ಬೇಸ್‌ಮೆಂಟಲ್ಲಿ ಬಟ್ಟೆ ಹೊದ್ಕೊಂಡು ಮಲಗಿರುತ್ತೆ, ಓನರ್ರು ಬ್ಯಾಗನ್ನ ಎದೆಗೆ ತಗಲ್ಹಾಕ್ಕೊಂಡು ಮೆಜೆಸ್ಟಿಕ್ ರಶ್ಶಲ್ಲಿ ನಿಂತಿರ್ತಾನೆ. ಊರೂರಿನ ಟ್ರಾಫಿಕ್ ಅಳೆಯೋ ಟಾಮ್‌ಟಾಮ್ ಕಂಪ್ನಿಯವ್ರ 2024ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ, ಅಂದ್ರೆ ಗಂಟೆಗೆ 17-18 ಕಿಲೋಮೀಟರ್. ಆ ಸ್ಪೀಡಿಗೆ ಒಳ್ಳೇ ಸೈಕಲ್ ಸಾಕು.

ಸಿಟೀಲಿ ಮೈಲೇಜು ಎಷ್ಟು ಅಂತ ಎಲ್ರೂ ಕೇಳೋದು. 6. ಸಾಯಂಕಾಲ ಮಳೆ ಬಂದ್ರೆ 5. ಎರಡು ಟನ್ ಹತ್ರದ ತೂಕನ ಎಳ್ದು ಎಳ್ದು ನಿಲ್ಸೋದು, ಪ್ರತಿ ಸಲ ಬ್ರೇಕ್ ಒತ್ತಿದಾಗ್ಲೂ ಸುಟ್ಟ ಪೆಟ್ರೋಲ್ ಎಲ್ಲಾ ಬಿಸಿಯಾಗಿ ಹೋಗುತ್ತೆ, ನಿಂತಾಗ್ಲೂ ಆರು ಸಿಲಿಂಡರ್ ಎಸಿ ತಿರುಗ್ಸ್ತಾ ಕುಡೀತಾನೇ ಇರುತ್ತೆ. ನಾನು ಮೆಲ್ಲಗೆ ಓಡ್ಸಿದ್ರೂ ಅಷ್ಟೇ, ಜೋರಾಗಿ ಓಡ್ಸಿದ್ರೂ ಅಷ್ಟೇ, ಯಾಕಂದ್ರೆ ಜೋರಾಗಿ ಓಡ್ಸೋಕೆ ಜಾಗ ಎಲ್ಲಿದೆ.

ಅಗಲ ಇನ್ನೊಂದು. ನಮ್ ಕ್ರಾಸಲ್ಲಿ ಎರಡೂ ಕಡೆ ಗಾಡಿ ನಿಲ್ಸಿರ್ತಾರೆ, ಮಧ್ಯ ಉಳಿಯೋ ಜಾಗದಲ್ಲಿ ಎದುರಿಂದ ಆಟೋ ಬಂತು ಅಂದ್ರೆ ಮುಗೀತು, ಮಿರರ್ ಮಡಚ್ಕೊಂಡು ಉಸಿರು ಬಿಗಿ ಹಿಡ್ಕೊಂಡು ಕೂರ್ಬೇಕು. ಹೆಂಡ್ತಿ ಮಾರ್ಕೆಟ್ಟಿಗೆ, ಸ್ಕೂಲಿಗೆ ಈ ಗಾಡಿ ಮುಟ್ಟೋದೇ ಇಲ್ಲ, ವ್ಯಾಗನ್ಆರೇ. ಅವ್ಳಿಗೆ ಓಡ್ಸೋಕೆ ಬರಲ್ಲ ಅಂತಲ್ಲ, ನನಗಿಂತ ಚೆನ್ನಾಗಿ ರಿವರ್ಸ್ ತಗೋತಾಳೆ, "ಗೀರಿದ್ರೆ ನಿಮ್ ಮುಖ ನೋಡೋಕಾಗಲ್ಲ" ಅನ್ನೋದು ಅವಳ ಕಾರಣ. ನ್ಯಾಯವೇ.

ಅಮ್ಮನ ವಿಷ್ಯಕ್ಕೆ ಬರ್ತೀನಿ, ಪಟ್ಟಿಯ ಮೊದಲನೇ ಐಟಂ ಅದೇ ತಾನೇ. ಹತ್ತೋಕೆ ಇಳಿಯೋಕೆ ನಿಜವಾಗ್ಲೂ ಆರಾಮು, ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿದೆ, ಇನ್ನೋವಾ ಥರ ಮೇಲಕ್ಕೆ ಹತ್ಬೇಕಾಗಿಲ್ಲ. ಕೂತ್ಮೇಲೆ ಕಷ್ಟ. ಮೊದಲನೇ ದಿನ ಬನಶಂಕರಿ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬಂದೆ, ವಾಪಸ್ ಇಳೀವಾಗ "ಏನೋ ಇದು, ಇಷ್ಟ್ ದುಡ್ ಕೊಟ್ಟು ತಂದಿದೀಯ, ಎತ್ತಿನಗಾಡಿ ಕುಲುಕ್ದಂಗೆ ಕುಲುಕುತ್ತಲ್ಲೋ" ಅಂದ್ರು.

ಕುಲುಕೋದಕ್ಕೆ ಕಾರಣ ಇದೆ. ಎತ್ತರದ ಭಾರದ ಗಾಡೀನ ಜೋರಾಗಿ ತಿರುಗ್ಸಿದ್ರೆ ಪಕ್ಕಕ್ಕೆ ವಾಲುತ್ತೆ, ವಾಲ್ಬಾರ್ದು ಅಂದ್ರೆ ಸ್ಪ್ರಿಂಗು, ಆ್ಯಂಟಿ ರೋಲ್ ಬಾರು (ಗಾಡಿ ವಾಲದಂಗೆ ಎಡ ಬಲ ಚಕ್ರಗಳನ್ನ ಜೋಡಿಸೋ ಕಂಬಿ) ಎಲ್ಲಾ ಬಿಗಿ ಮಾಡ್ತಾರೆ. ಈ ತೂಕ ಈ ಸ್ಪೀಡಲ್ಲಿ ನಿಲ್ಬೇಕು ಅಂದ್ರೆ ಬ್ರೇಕ್ ಡಿಸ್ಕು ದೊಡ್ಡದಾಗ್ಬೇಕು, ಅದಕ್ಕೆ ವೀಲ್ ದೊಡ್ಡದಾಗ್ಬೇಕು, ವೀಲ್ ದೊಡ್ಡದಾದಷ್ಟೂ ಟೈರಿನ ಪಕ್ಕದ ರಬ್ಬರ್ ಸಣ್ಣದಾಗುತ್ತೆ. ನನ್ನದು 20 ಇಂಚಿನ ವೀಲು, ಮೇಲಿಂದ ರನ್‌ಫ್ಲ್ಯಾಟ್ ಟೈರು, ಪಂಚರ್ ಆದ್ರೂ ಸ್ವಲ್ಪ ದೂರ ಓಡ್ಲಿ ಅಂತ ಪಕ್ಕದ ಗೋಡೆ ಗಟ್ಟಿಯಾಗಿರುತ್ತೆ, ಸ್ಟೆಪ್ನಿ ಇಲ್ಲ. ಹಿಂಗಾಗಿ ರೋಡಲ್ಲಿರೋ ಪ್ರತಿ ಗುಂಡಿ ನೇರವಾಗಿ ಅಮ್ಮನ ಸೊಂಟಕ್ಕೆ ವರದಿ ಒಪ್ಪಿಸುತ್ತೆ. ಕಂಫರ್ಟ್ ಮೋಡ್ ಹಾಕಿದ್ರೆ ಪರ್ವಾಗಿಲ್ಲ, ಆದ್ರೆ ಟೈರ್ ಟೈರೇ ಅಲ್ವಾ.

ಕಳೆದ ಮಳೆಗಾಲದಲ್ಲಿ ಒಂದು ಮದ್ವೆ ಮುಗ್ಸಿ ರಾತ್ರಿ ಬರ್ತಿದ್ವಿ, ಸರ್ವೀಸ್ ರೋಡಲ್ಲಿ ನೀರು ನಿಂತಿತ್ತು, ನೀರೊಳಗೆ ಗುಂಡಿ. ದಡ್ ಅಂತ ಶಬ್ದ, ಮಗ ನಿದ್ದೆಯಿಂದ ಎದ್ದ. ಬೆಳಗ್ಗೆ ನೋಡಿದ್ರೆ ಹಿಂದಿನ ಎಡಗಡೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಊದ್ಕೊಂಡಿದೆ. ಟೈರ್ ಅಂಗಡಿಯವನು ಕೈಯಾಡಿಸಿ "ಇದು ಎಸೀಬೇಕು ಸಾರ್, ಒಳಗೆ ದಾರ ಕಿತ್ತೋಗಿದೆ" ಅಂದ. ಅದು 36 ಸಾವಿರ. ಆಮೇಲೆ ಇನ್ನೊಂದು ಕಡೆಯದನ್ನೂ ಅಳೆದು ನೋಡಿ, ಅದು ಅರ್ಧ ಸವೆದಿದೆ, ನಾಲ್ಕು ಚಕ್ರಕ್ಕೂ ಪವರ್ ಇರೋ ಗಾಡೀಲಿ ಒಂದು ಹೊಸದು ಒಂದು ಹಳೇದು ಹಾಕಿದ್ರೆ ಎರಡೂ ಬೇರೆ ಬೇರೆ ಸ್ಪೀಡಲ್ಲಿ ತಿರುಗುತ್ತೆ, ಗೇರ್ ಸೆಟ್ಟಿಗೆ ಒಳ್ಳೇದಲ್ಲ, ಎರಡೂ ಹಾಕ್ಸಿ ಅಂದ. ಮುಂದಿಂದ ಹಿಂದಕ್ಕೆ ಬದಲಾಯ್ಸೋಣ ಅಂದ್ರೆ ಹಿಂದಿನ ಟೈರೇ ಅಗಲ ಜಾಸ್ತಿ, ಸೈಜೇ ಬೇರೆ. 72 ಸಾವಿರ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದು ಬಿಲ್ ಕೈಗೆ ಬಂದಾಗ ಅರ್ಥ ಆಗೋದು. ಇನ್ಶೂರೆನ್ಸಲ್ಲಿ ಟೈರ್ ಕವರ್ ಅಂತ ಬೇರೆ ಇರುತ್ತೆ, ನಾನು ನಾಲ್ಕು ಸಾವಿರ ಉಳ್ಸೋಕೆ ಅದನ್ನ ಬಿಟ್ಟಿದ್ದೆ, ನೀವು ಬಿಡ್ಬೇಡಿ.

ಹಂಗಾದ್ರೆ ಬರೀ ಗೋಳೇನಾ ಅಂದ್ರೆ, ಇಲ್ಲ. ಶನಿವಾರ ಬೆಳಗ್ಗೆ ಐದೂವರೆಗೆ ನೆಲಮಂಗಲ ದಾಟಿ ಹಾಸನದ ರೋಡ್ ಹಿಡಿದ್ರೆ ಬೇರೇನೇ ಗಾಡಿ ಇದು. ನಮ್ಮೂರು ಸಕಲೇಶಪುರದ ಹತ್ರ, ತಿಂಗಳಿಗೊಂದ್ಸಲ ಹೋಗ್ಲೇಬೇಕು. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಮೈಲೇಜು 11 ತೋರಿಸುತ್ತೆ, ಒಳಗೆ ಸದ್ದೇ ಇಲ್ಲ, ಡಿಕ್ಕೀಲಿ ನಾಲ್ಕು ಜನರ ಬ್ಯಾಗು, ವಾಪಸ್ ಬರ್ವಾಗ ಕಾಯಿ, ಬಾಳೆಗೊನೆ, ಕಾಫಿಪುಡಿ ಎಲ್ಲಾ ಹಿಡಿಯುತ್ತೆ. ಪವರ್ ಕೆಲ್ಸಕ್ಕೆ ಬರೋದು ಊರ ಕಡೆ ಎರಡೇ ಲೇನಿನ ರೋಡಿಗೆ ಇಳಿದಾಗ. ಮರದ ಲಾರಿ ಹಿಂದೆ 50ರಲ್ಲಿ ಹೋಗ್ತಾ ಇದ್ದು, ಮುಂದೆ ಖಾಲಿ ಕಂಡಾಗ ಒತ್ತಿದ್ರೆ ಮೂರ್ನಾಲ್ಕು ಸೆಕೆಂಡಲ್ಲಿ ದಾಟಿ ನಮ್ ಲೇನಿಗೆ ವಾಪಸ್. ಇನ್ನೋವಾದಲ್ಲಿ ಅದೇ ಜಾಗದಲ್ಲಿ ಎಂಟೊಂಬತ್ತು ಸೆಕೆಂಡು ರಾಂಗ್ ಸೈಡಲ್ಲಿ ಇರ್ಬೇಕಿತ್ತು, ಹೆಂಡ್ತಿ ಮೇಲಿನ ಹ್ಯಾಂಡಲ್ ಹಿಡ್ಕೊಂಡಿರ್ತಿದ್ಲು. ಈಗ ಹಿಡ್ಕೊಳಲ್ಲ, ಇದೊಂದು ಅವ್ಳೇ ಒಪ್ಕೊಂಡಿರೋ ಪ್ಲಸ್ ಪಾಯಿಂಟು. ಬ್ರೇಕೂ ಅಷ್ಟೇ, ಬೆಳ್ಳೂರು ಹತ್ರ ಹಸು ಅಡ್ಡ ಬಂದಾಗ ನಿಂತ ರೀತಿ ನೋಡಿ ನಂಗೇ ಆಶ್ಚರ್ಯ ಆಯ್ತು.

ಆದ್ರೆ ಎಕ್ಸ್‌ಪ್ರೆಸ್‌ವೇಲಿ ಏನೂ ವ್ಯತ್ಯಾಸ ಇಲ್ಲ. ಮೈಸೂರು ರೋಡಲ್ಲಿ ಲಿಮಿಟ್ 100, ಕ್ಯಾಮೆರಾ ಉದ್ದಕ್ಕೂ ಇದೆ, 2024ರ ಆಗಸ್ಟಿಂದ 130 ದಾಟಿದ್ರೆ ಎಫ್‌ಐಆರ್ ಹಾಕ್ತೀವಿ ಅಂದಿದಾರೆ ಪೊಲೀಸ್ನೋರು. ನಾನು 5 ಸೆಕೆಂಡಲ್ಲಿ 100 ಮುಟ್ತೀನಿ, ಇನ್ನೋವಾದವ್ರು ಸ್ವಲ್ಪ ಲೇಟಾಗಿ ಮುಟ್ತಾರೆ, ಆಮೇಲೆ ಇಬ್ರೂ ಒಟ್ಗೇ ಮದ್ದೂರಲ್ಲಿ ವಡೆ ತಿನ್ನೋದು.

ಮಕ್ಕಳ ಸಮಾಚಾರ. ಮಗಳಿಗೆ ಹತ್ತು ವರ್ಷ, "ಅಪ್ಪಾ, ರಾಕೆಟ್ ಮಾಡು" ಅಂತಾಳೆ. ಐದು ವರ್ಷದ ಮಗ ಎರಡನೇ ರಾಕೆಟ್ಟಿಗೇ ವಾಂತಿ ಮಾಡ್ಕೊತಾನೆ. ಘಾಟಿ ರೋಡಲ್ಲಿ ಜೋರಾಗಿ ಒತ್ತೋದು, ಬ್ರೇಕ್ ಹಾಕೋದು, ತಿರುಗ್ಸೋದು ಓಡ್ಸೋನಿಗೆ ಮಜಾ, ಹಿಂದೆ ಕೂತು ಪುಸ್ತಕ ನೋಡ್ತಿರೋ ಮಗೂಗೆ ಹೊಟ್ಟೆ ತೊಳೆಸುತ್ತೆ. ತಿಳಿ ಬಣ್ಣದ ಲೆದರ್ ಸೀಟು ಮೂರು ಸಲ ಕ್ಲೀನ್ ಮಾಡ್ಸಿದ ಮೇಲೆ ಸ್ಪೋರ್ಟ್ ಮೋಡ್ ಬಟನ್ ಮುಟ್ಟೋದು ನಾನೊಬ್ನೇ ಇದ್ದಾಗ ಮಾತ್ರ. ಅಂದ್ರೆ ಮನೆಯವ್ರೆಲ್ಲಾ ಇದ್ದಾಗ ಇದು ಸಾಧಾರಣ ಎಸ್‌ಯುವಿ, ಯಾರೂ ಇಲ್ದಿದ್ದಾಗ ನಾನು ದುಡ್ಡು ಕೊಟ್ಟ ಗಾಡಿ. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಇನ್ನೊಂದು, ಹಿಂದಿನ ಸೀಟಿನ ಮಧ್ಯ ಕಾಲಿಡೋ ಜಾಗದಲ್ಲಿ ಟನಲ್, ಅಂದ್ರೆ ನೆಲದ ಉಬ್ಬು, ಎತ್ತರ ಇದೆ. ಅಮ್ಮ ಒಂದು ಕಡೆ, ಮಗನ ಸೀಟು ಒಂದು ಕಡೆ ಬಂದ್ರೆ ಮಗಳು ಕಾಲು ಅಗಲಿಸ್ಕೊಂಡೇ ಸಕಲೇಶಪುರ ತನಕ ಕೂರ್ಬೇಕು.

ದುಡ್ಡಿನ ಲೆಕ್ಕ ಬರ್ದಿಟ್ಟಿದೀನಿ. ವರ್ಷಕ್ಕೆ 12 ಸಾವಿರ ಕಿಲೋಮೀಟರ್, ಅದ್ರಲ್ಲಿ 5 ಸಾವಿರ ಸಿಟಿ, 7 ಸಾವಿರ ಹೈವೇ. ಲೀಟರಿಗೆ 103 ರೂಪಾಯಿ ಹಿಡಿದ್ರೆ ವರ್ಷಕ್ಕೆ 1 ಲಕ್ಷ 51 ಸಾವಿರ ಪೆಟ್ರೋಲು. ಇದೇ ಇನ್ನೋವಾ ಡೀಸೆಲ್ಲಲ್ಲಿ 13 ಮೈಲೇಜು, 91 ರೂಪಾಯಿ ಅಂತ ಹಾಕಿದ್ರೆ 84 ಸಾವಿರ. ವ್ಯತ್ಯಾಸ 67 ಸಾವಿರ. ಆ ಒಂದು ಗುಂಡಿ ಅದಕ್ಕಿಂತ ಜಾಸ್ತಿ ತಿಂತು ಅಲ್ವಾ, ಅದಕ್ಕೇ ಹೇಳೋದು, ಮೈಲೇಜ್ ಕೇಳ್ಬೇಡಿ, ಟೈರ್ ರೇಟ್ ಕೇಳಿ. ಅದಕ್ಕಿಂತ ದೊಡ್ಡ ಹೊಡೆತ ರೀಸೇಲು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ತೆರಿಗೆ ಸೆಸ್ ಸೇರಿ 50 ಪರ್ಸೆಂಟ್ ಇದ್ದಿದ್ದು 40ಕ್ಕೆ ಇಳೀತು, ಹೊಸಾ ಗಾಡಿ ರೇಟೇ ಬಿದ್ಮೇಲೆ ಹಳೇದನ್ನ ಕೇಳೋರು ಯಾರು. ಹೋದ ತಿಂಗಳು ವಿಚಾರಿಸ್ದೆ, 43 ಲಕ್ಷ ಅಂದ್ರು. 28 ತಿಂಗಳಲ್ಲಿ 15 ಲಕ್ಷ, ತಿಂಗಳಿಗೆ 53 ಸಾವಿರದ ಮೇಲೆ, ಗಾಡಿ ಸುಮ್ನೆ ಬೇಸ್‌ಮೆಂಟಲ್ಲಿ ನಿಂತಿದ್ರೂ ಹೋಗೋ ದುಡ್ಡು ಇದು. ಇಎಂಐ, ಇನ್ಶೂರೆನ್ಸು ಇದ್ರಲ್ಲಿ ಸೇರಿಲ್ಲ, ಸೇರ್ಸಿ ನೋಡೋ ಧೈರ್ಯ ನಂಗಿಲ್ಲ.

ನಿಮಗೆ ತಿಂಗಳಿಗೆ ಎರಡು ಮೂರು ಸಲ ಊರ ರೋಡು ಇದ್ರೆ, ಸಿಟಿಗೆ ಬೇರೆ ಸಣ್ಣ ಗಾಡಿ ಇದ್ರೆ, ನಾಲ್ಕೇ ಜನ ಇದ್ರೆ ತಗೊಳ್ಳಿ, 18 ಅಥವಾ 19 ಇಂಚಿನ ವೀಲ್ ಸಿಗೋದಾದ್ರೆ ಅದನ್ನೇ ಕೇಳಿ. ಒಂದೇ ಗಾಡೀಲಿ ಸಂಸಾರದ ಎಲ್ಲಾ ಕೆಲ್ಸ ಆಗ್ಬೇಕು ಅಂದ್ರೆ ನನ್ ಓಟು ಇದಕ್ಕಿಲ್ಲ.

ಮುಂದಿನ ತಿಂಗಳು ಧರ್ಮಸ್ಥಳಕ್ಕೆ ಹೋಗೋದಿದೆ, ಅತ್ತೆ ಮಾವನೂ ಸೇರಿ ಏಳು ಜನ. ಐದು ಸೀಟಿನ ಗಾಡೀಲಿ ಏನ್ ಮಾಡೋಕಾಗುತ್ತೆ, ಭಾವಮೈದುನಂಗೆ ಫೋನ್ ಮಾಡಿ ಎರಡು ದಿನ ಇನ್ನೋವಾ ಕೊಡು ಮಾರಾಯ ಅಂದೆ. "ತಗೊಂಡೋಗಿ ಭಾವ, ಅಲ್ಲೀವರ್ಗೂ ನಿಮ್ ಗಾಡಿ ಕೀ ಇಲ್ಲಿ ಬಿಟ್ಟೋಗಿ" ಅಂದ. ಟೈರ್ ಕವರ್ ಈ ಸಲ ಹಾಕ್ಸಿದೀನಾ ಇಲ್ವಾ ಅಂತ ಪಾಲಿಸಿ ತೆಗೆದು ನೋಡ್ತಾ ಇದೀನಿ.